ಹೆಪ್ಪುಗಟ್ಟಿಸುವುದು ಸುಲಭ, ಕರಗಿಸುವುದೇ ಕಷ್ಟ

ಸತ್ತ ಮೇಲೆ ದೇಹವನ್ನು ದ್ರವ ಸಾರಜನಕದಲ್ಲಿಟ್ಟು ಮುಂದೊಂದು ದಿನ ಎಬ್ಬಿಸುವ ಮಾತು ಪುಣೆಯ ಹಿಂಜವಡಿಯ ನಮ್ಮ ಕನ್ನಡದ ಐಟಿ ಹುಡುಗರ ಚಹಾ ಹರಟೆಗೂ ಬಂದಿದೆ. ಚಿರಂಜೀವಿ ಆಗಬೇಕೋ ಬೇಡವೋ ಆಮೇಲೆ ನೋಡೋಣ. ಟ್ರಾಫಿಕ್ ಇಲ್ಲದಿದ್ದರೆ (ಇಲ್ಲದಿದ್ದರೆ!) ಅಲ್ಲಿಂದ ಅರ್ಧ ಗಂಟೆಯ ದಾರಿ, ಪುಣೆ ವಿಶ್ವವಿದ್ಯಾಲಯದ ಆವರಣದ ಎನ್‌ಸಿಸಿಎಸ್, ಅಂದರೆ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ. ಅಲ್ಲಿ ಜೀವಕೋಶಗಳ ಭಂಡಾರವೇ ಇದೆ. ದೇಶದ ಲ್ಯಾಬುಗಳಿಗೆ ಕೋಶಗಳು ಅಲ್ಲಿಂದ ಹೋಗುತ್ತವೆ.

ಕೋಶ ಕಾಪಿಡುವ ಕೆಲಸ ಹೀಗೆ. ಒಂದು ಮಿಲಿಲೀಟರ್ ದ್ರವಕ್ಕೆ ಹತ್ತು ಲಕ್ಷದಿಂದ ಐವತ್ತು ಲಕ್ಷ ಕೋಶ, ಜೊತೆಗೆ ಸೀರಮ್ (ರಕ್ತದ ತಿಳಿ), ಮಂಜುಗಡ್ಡೆ ಕಟ್ಟುವುದನ್ನು ತಡೆಯುವ ಡಿಎಂಎಸ್‌ಒ ಎಂಬ ರಾಸಾಯನಿಕ ಶೇ 10. ನಿಮಿಷಕ್ಕೆ 1 ಡಿಗ್ರಿಯಂತೆ ಮೈನಸ್ 80ರವರೆಗೆ ಇಳಿಸಿ, ಮರುದಿನ ಸಾರಜನಕದ ಟ್ಯಾಂಕಿಗೆ. ಅವಸರ ಮಾಡಿದರೆ ಕೋಶದೊಳಗೇ ಮಂಜುಗಡ್ಡೆ ಕಟ್ಟಿ ಪೊರೆ ಹರಿಯುತ್ತದೆ. ತೀರಾ ನಿಧಾನವಾದರೆ ನೀರೆಲ್ಲ ಹೊರಬಂದು ಕೋಶ ಮುರುಟುತ್ತದೆ. ಕರಗಿಸುವಾಗ ಲೆಕ್ಕ ತಿರುಗಾಮುರುಗಾ: 37 ಡಿಗ್ರಿ ನೀರಿನಲ್ಲಿ ಒಂದೆರಡು ನಿಮಿಷ, ಅಷ್ಟೇ. ತಡವಾದರೆ ಸಣ್ಣ ಹರಳುಗಳು ಸೇರಿ ದೊಡ್ಡವಾಗುತ್ತವೆ, ಡಿಎಂಎಸ್‌ಒ ವಿಷವಾಗುತ್ತದೆ. ಇಷ್ಟು ಜೋಪಾನ ಮಾಡಿದರೂ ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ನೋಡಿದಾಗ ಕೆಲವು ನೀಲಿಯಾಗಿಯೇ ಕಾಣುತ್ತವೆ. ಸತ್ತವು ಅವು.

ಇದು ಬೆರಳುದ್ದದ ಶೀಶೆಯ ಕಥೆ. ಅರವತ್ತು ಕಿಲೋ ದೇಹಕ್ಕೆ ಇದೇ ವೇಗ ಎಲ್ಲಿಂದ ತರುವುದು? ಚರ್ಮ ಬೆಚ್ಚಗಾಗುವ ಹೊತ್ತಿಗೆ ಒಳಗಿನ ಅಂಗಗಳು ಇನ್ನೂ ಗಾಜಿನಂತೆ ಗಟ್ಟಿಯಾಗಿರುತ್ತವೆ. ಆ ಅಂತರಕ್ಕೆ ಬಿರುಕು ಬಿಡುತ್ತದೆ. 1967ರಲ್ಲಿ ಹೀಗೆ ಇಟ್ಟ ಮೊದಲಿಗ ಜೇಮ್ಸ್ ಬೆಡ್‌ಫರ್ಡ್ ಇನ್ನೂ ಹಾಗೇ ಇದ್ದಾರೆ. ಇಲ್ಲಿಯವರೆಗೆ ಯಾರನ್ನೂ ಎಬ್ಬಿಸಿದ್ದಿಲ್ಲ. ಟ್ಯಾಂಕಿಗೆ ಕರೆಂಟ್ ಬೇಕಿಲ್ಲ ನಿಜ, ಆದರೆ ಸಾರಜನಕ ಆರುತ್ತಲೇ ಇರುತ್ತದೆ, ಸುರಿಯುತ್ತಲೇ ಇರಬೇಕು. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಸ್ಮಶಾನದ ನೆಲಮಾಳಿಗೆಯಲ್ಲಿ 1970ರ ದಶಕದಲ್ಲಿ ದುಡ್ಡು ನಿಂತಿತು, ದೇಹಗಳು ಕೊಳೆತವು.

ಸಾಯದ ಕೋಶಗಳು ಇಲ್ಲವೇ ಎಂದರೆ, ಇವೆ. ಮಾಮೂಲಿ ಕೋಶ ಸುಮಾರು ಐವತ್ತು ಸಲ ಎರಡಾಗಿ ಒಡೆದು ಸುಮ್ಮನಾಗುತ್ತದೆ. ಹೀಲಾ ಕೋಶಗಳು 1951ರಿಂದ ನಿಂತಿಲ್ಲ. ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯಿಂದ, ಆಕೆಯನ್ನು ಕೇಳದೆಯೇ, ತೆಗೆದವು ಅವು. ಆಕೆ ಅದೇ ವರ್ಷ ತೀರಿಕೊಂಡರು. ಉಳಿದದ್ದು ಆಕೆಯನ್ನು ಕೊಂದ ಕ್ಯಾನ್ಸರು.

ಹಾಗಾಗಿ ಇಡೀ ಮನುಷ್ಯನನ್ನು ಕಾಪಿಡುವ ಹಂಬಲಕ್ಕೆ ದುಡ್ಡು ಸುರಿಯುವುದು ನನಗೆ ದಂಡವೆನಿಸುತ್ತದೆ. ಅಂಗ ಕಾಪಿಡುವ ಕೆಲಸಕ್ಕೆ ಎಷ್ಟು ಸುರಿದರೂ ಕಡಿಮೆಯೇ. 2023ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡಗಳಿಗೆ ಮೊದಲೇ ಕಬ್ಬಿಣದ ಆಕ್ಸೈಡಿನ ನ್ಯಾನೋಕಣ (ಅತಿ ಸಣ್ಣ ಕಣ) ತುಂಬಿ, ಹರಳು ಕಟ್ಟದಂತೆ ಗಾಜಾಗಿಸಿ ನೂರು ದಿನದವರೆಗೆ ಇಟ್ಟು, ಆಮೇಲೆ ಕಾಂತಕ್ಷೇತ್ರದಲ್ಲಿ ಒಳಗೂ ಹೊರಗೂ ಒಟ್ಟಿಗೇ ಬಿಸಿಮಾಡಿ, ಬೇರೆ ಇಲಿಗಳಿಗೆ ಕಸಿ ಮಾಡಿದರು. ಅವು ಕೆಲಸ ಮಾಡಿದವು. ಮನುಷ್ಯನ ಅಂಗಕ್ಕೆ ಇದು ಒಗ್ಗಬೇಕಾದರೆ ಇನ್ನೂ ದೂರವಿದೆ. ಇವತ್ತಿಗೆ ಐಸ್‌ಪೆಟ್ಟಿಗೆಯ ಹೃದಯಕ್ಕೆ ನಾಲ್ಕರಿಂದ ಆರು ಗಂಟೆ ಆಯುಷ್ಯ. ಪುಣೆಯಿಂದ ಮುಂಬೈಗೆ ಅದನ್ನು ಒಯ್ಯುವ ಆಂಬುಲೆನ್ಸಿಗೆ ಪೊಲೀಸರು ರಸ್ತೆ ತೆರವು ಮಾಡಿಕೊಡುವುದು ಅದಕ್ಕೇ.