ಮುಚ್ಚಳ ಕೂರುವವರೆಗೆ

ಈ ವಾರ 11 ಮುಚ್ಚಳ ಮಾಡಿದೆ. ಅವುಗಳಲ್ಲಿ 8 ಮತ್ತೆ ಮಣ್ಣಿನ ತೊಟ್ಟಿಗೇ ಹೋದವು. ಮಾಸ್ತೊರಾ ಬೈಯಲಿಲ್ಲ. ಒಂದೊಂದನ್ನೂ ಮಡಕೆಯ ಬಾಯಿಗಿಟ್ಟು, ಹೆಬ್ಬೆರಳಿನಿಂದ ಅಂಚನ್ನು ಮೆಲ್ಲಗೆ ಒತ್ತಿ ನೋಡಿದರು. ಅಲುಗಿದ್ದನ್ನು ತೆಗೆದು ಪಕ್ಕಕ್ಕಿಟ್ಟರು, ಅಷ್ಟೇ.

‘ಮಾಸ್ತೊರಾ’ ಎಂಬುದು ಕಸುಬು ಬಲ್ಲ ಹಿರಿಯರನ್ನು ಗ್ರೀಕರು ಕರೆಯುವ ಮಾತು. ಅದಕ್ಕೂ ನಮ್ಮ ‘ಮೇಸ್ತ್ರಿ’ಗೂ ಲ್ಯಾಟಿನ್ ಮೂಲ ಒಂದೇ, ನಮ್ಮದು ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದಿತು. ಇದು ತಿಳಿದ ದಿನದಿಂದ ಅವರನ್ನು ಹಾಗೆ ಕರೆಯುವುದು ನನಗೆ ಇನ್ನಷ್ಟು ಸಲೀಸಾಗಿದೆ.

ಸಿಫ್ನೋಸ್ ದ್ವೀಪದಲ್ಲಿ ನನಗಿದು ಮೂರನೆಯ ಬೇಸಿಗೆ. ಅಥೆನ್ಸಿನ ಪಿರೇಯಸ್ ಬಂದರಿನಲ್ಲಿ ಹತ್ತಿದ ಹಡಗು ಕಾಮಾರೆಸ್‌ನಲ್ಲಿ ಇಳಿಸುತ್ತದೆ. ಒಂದು ಕಾಲಕ್ಕೆ ಇಲ್ಲಿ ಚಿನ್ನ, ಬೆಳ್ಳಿಯ ಗಣಿಗಳಿದ್ದವು. ಆ ಐಶ್ವರ್ಯದಲ್ಲೇ ದ್ವೀಪದವರು ಕ್ರಿ.ಪೂ. 525ರ ಸುಮಾರಿಗೆ ಅಪೊಲೋ ದೇವರ ಕ್ಷೇತ್ರವಾದ ಡೆಲ್ಫಿಯಲ್ಲಿ ಅಮೃತಶಿಲೆಯ ಕಾಣಿಕೆಮನೆಯೊಂದನ್ನು ಕಟ್ಟಿಸಿದರು. ಗಣಿಗಳನ್ನು ಸಮುದ್ರ ನುಂಗಿತು ಎಂಬುದು ಪ್ರಾಚೀನರ ಮಾತು. ಮಣ್ಣು ಮಾತ್ರ ಎಲ್ಲಿಗೂ ಹೋಗಲಿಲ್ಲ. ದ್ವೀಪದ ನಿಜವಾದ ಸಿರಿ ಅದೇ ಎಂದು ನಾನು ನಂಬಿದ್ದೇನೆ.

ಕುಂಬಾರರ ಹಳೆಯ ಕೆಲಸದ ಮನೆಗಳು ಕಾಮಾರೆಸ್, ವಾಥಿ, ಪ್ಲಾಟಿಸ್ ಯಾಲೋಸ್ ಕೊಲ್ಲಿಗಳ ನೀರಿನಂಚಿನಲ್ಲೇ ಇವೆ. ಕಡಲ್ಗಳ್ಳರ ಭಯವಿದ್ದಷ್ಟು ಕಾಲ ಅವರು ಒಳನಾಡಿನ ಊರುಗಳಲ್ಲಿದ್ದರು. ಭಯ ಕಳೆದ ಮೇಲೆ ದಡಕ್ಕಿಳಿದರು. ಆವಿಗೆಯಿಂದ ತೆಗೆದ ಮಡಕೆ ನಾಲ್ಕು ಹೆಜ್ಜೆಯಲ್ಲಿ ದೋಣಿ ಸೇರುತ್ತಿತ್ತು. ಕತ್ತೆಯ ಬೆನ್ನಿನ ಮೇಲೆ ಕುಲುಕಾಡಿ ಒಡೆಯುವ ಪ್ರಶ್ನೆಯೇ ಇಲ್ಲ. ಒಡೆಯುವ ವಸ್ತುವನ್ನೇ ನಂಬಿ ಬದುಕುವವರಿಗೆ ಹೊಳೆಯುವ ಉಪಾಯವಿದು. ಮನೆಗಳ ಮಾಡಿನ ಮೇಲೆ ನಿಂತಿರುವ ಹೊಗೆಕೊಳವೆಗಳೂ ಸುಟ್ಟ ಮಣ್ಣಿನವೇ. ಅವುಗಳ ಹೆಸರು ‘ಫ್ಲಾರೋಸ್’. ತಲೆ ಎತ್ತಿದರೆ ಸಾಕು, ಯಾರದೋ ಬೆರಳಿನ ಗುರುತು ಕಾಣುತ್ತದೆ.

ಖಾನಾಪುರದಲ್ಲಿ ತಿಗರಿ ಕಲಿತ ನನಗೆ ಮಣ್ಣು ಹೊಸದಲ್ಲ. ಆದರೆ ಅಡುಗೆಯ ಮಡಕೆಯ ಲೆಕ್ಕವೇ ಬೇರೆ. ಹೂದಾನಿ ಒಮ್ಮೆ ಬೆಂದರೆ ಮುಗಿಯಿತು. ಅಡುಗೆಯ ಮಡಕೆ ವಾರ ವಾರ ಬೆಂಕಿಗೆ ಮರಳಬೇಕು. ನುಣ್ಣನೆಯ ಮಣ್ಣಿನಲ್ಲಿ ಒಂದು ಕೂದಲೆಳೆಯ ಬಿರುಕು ಹುಟ್ಟಿದರೆ ಅಂಚಿನಿಂದ ಅಂಚಿಗೆ ಓಡಿಬಿಡುತ್ತದೆ. ತರಿ ಇರುವ ಮಣ್ಣಿನಲ್ಲಿ ಅದೇ ಬಿರುಕು ಕಲ್ಲಿನ ಕಣಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಮೊದಲ ಬೇಸಿಗೆಯಲ್ಲಿ ನಾನು ಮಣ್ಣನ್ನು ಸೋಸಿ ಸೋಸಿ ಬೆಣ್ಣೆ ಮಾಡಿದ್ದೆ. ಮಾಸ್ತೊರಾ ಒಂದು ಚಿಟಿಕೆ ಎತ್ತಿ ಹಲ್ಲಿನ ನಡುವೆ ಕಡಿದು, ತಲೆ ಅಲ್ಲಾಡಿಸಿ, ಒಂದು ಬೊಗಸೆ ತರಿಮಣ್ಣು ತಂದು ಸುರಿದರು. ತಳದಲ್ಲಿ ಮೂಲೆ ಇರಬಾರದು, ಗೋಡೆಯ ದಪ್ಪ ಎಲ್ಲೆಡೆ ಒಂದೇ ಇರಬೇಕು ಎಂಬುದನ್ನೂ ಅವರ ಕೈ ನೋಡಿಯೇ ಕಲಿತೆ.

ಈಗ ಮಾಡುತ್ತಿರುವುದು ಸ್ಕೆಪಸ್ತಾರಿಯಾ ಎಂಬ ಮುಚ್ಚಳದ ಅಡುಗೆ ಮಡಕೆ. ಮುಚ್ಚುವುದು ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ಮಡಕೆ ಮತ್ತು ಮುಚ್ಚಳವನ್ನು ತಿಗರಿಯ ಮೇಲೆ ಬೇರೆ ಬೇರೆಯಾಗಿ ಎತ್ತುತ್ತೇವೆ. ಹಸಿಯಿದ್ದಾಗ ಕಡ್ಡಿ ಹಿಡಿದು ಅಳೆದರೆ ಎರಡೂ ಸರಿ. ಒಣಗುವಾಗ ಎರಡೂ ಕುಗ್ಗುತ್ತವೆ, ಆದರೆ ಒಂದೇ ವೇಗದಲ್ಲಲ್ಲ. ಅದರ ಮೇಲೆ ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ತೇಮಿ ಗಾಳಿ. ಗಾಳಿಗೆ ಎದುರಾದ ಮಗ್ಗುಲು ಬೇಗ ಬಿಗಿದು ದುಂಡಗಿನ ಬಾಯಿ ಸೊಟ್ಟಗಾಗುತ್ತದೆ. ಹಾಗಾಗಿ ಮಡಕೆಗೆ ಅದರದೇ ಮುಚ್ಚಳ ಹಾಕಿ, ಒದ್ದೆ ಬಟ್ಟೆ ಹೊದಿಸಿ, ಗಂಟೆಗೊಮ್ಮೆ ತಿರುಗಿಸುತ್ತೇನೆ. ಹಸುಗೂಸಿನ ಮಗ್ಗುಲು ಬದಲಿಸುವಂತೆ ರಾತ್ರಿಯೂ ಎದ್ದು ಹೋಗಿ ತಿರುಗಿಸಿದ್ದೇನೆ.

ನೆರೆಮನೆಯ ಅಜ್ಜಿ ಕಳೆದ ಶನಿವಾರ ಬಾಗಿಲಿಗೆ ಬಂದು, ಆವಿಗೆಯಿಂದ ಇಳಿದಿದ್ದ ನನ್ನ ಮೊದಲ ಸ್ಕೆಪಸ್ತಾರಿಯಾವನ್ನು ತಾವಾಗಿ ಕೇಳಿದರು. ಇಲ್ಲಿ ಭಾನುವಾರದ ಊಟವೆಂದರೆ ರೆವಿಥಾದ. ನೆನೆಸಿದ ಕಾಬೂಲಿ ಕಡಲೆ, ಈರುಳ್ಳಿ, ಧಾರಾಳವಾಗಿ ಆಲಿವ್ ಎಣ್ಣೆ, ಉಪ್ಪು, ನೀರು. ಮಳೆನೀರಾದರೆ ಕಡಲೆ ಇನ್ನೂ ಮೆತ್ತಗೆ ಬೇಯುತ್ತದೆ ಎಂದು ಅಜ್ಜಿ ತೊಟ್ಟಿಯಿಂದಲೇ ಮೊಗೆದರು. ಮುಚ್ಚಳದ ಸುತ್ತ ಹಿಟ್ಟಿನ ಕಣಕ ಮೆತ್ತಿದರು. ಸಂಜೆ ಸೌದೆಯ ಒಲೆಯೊಳಗೆ ಹೋದ ಮಡಕೆ ಹೊರಬರುವುದು ಮರುದಿನ ಚರ್ಚಿನ ಪೂಜೆ ಮುಗಿದ ಮೇಲೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಲೆಯೊಳಗೆ ಟಪ್ಪೆಂದು ಸದ್ದಾದರೆ ಹೋಗುವುದು ನನ್ನ ಮಡಕೆಯಷ್ಟೇ ಅಲ್ಲ, ಒಂದು ಮನೆಯ ಭಾನುವಾರ.

ಬೆಳಿಗ್ಗೆ ಅಜ್ಜಿ ಚಾಕುವಿನಿಂದ ಒಣಗಿದ ಕಣಕ ಎಬ್ಬಿಸಿದರು. ಮುಚ್ಚಳ ಎತ್ತಿದಾಗ ಬಿಸಿ ಹಬೆ ಮುಖಕ್ಕೆ ಬಡಿಯಿತು. ಕಡಲೆ ಹೊಂಬಣ್ಣಕ್ಕೆ ತಿರುಗಿತ್ತು, ಎಣ್ಣೆ ಮೇಲೆ ತೇಲುತ್ತಿತ್ತು. ಅಜ್ಜಿ ಒಂದು ಕಾಳನ್ನು ನಾಲಿಗೆ ಮತ್ತು ಅಂಗುಳಿನ ನಡುವೆ ಅದುಮಿ, ನನ್ನ ಕಡೆ ತಿರುಗಿ ‘ಯಾ ಸ್ತಾ ಹೇರಿಯಾ ಸು’ ಎಂದರು. ನಿನ್ನ ಕೈಗಳು ಚೆನ್ನಾಗಿರಲಿ ಎಂದರ್ಥ. ಅಡುಗೆ ಮಾಡಿದವರಿಗೆ ಹೇಳುವ ಈ ಮಾತನ್ನು ಅವರು ಮಡಕೆ ಮಾಡಿದವಳಿಗೆ ಹೇಳಿದರು. ಮಾಸ್ತೊರಾ ಮಾತಾಡಲಿಲ್ಲ, ಬಿಸಿ ಮುಚ್ಚಳವನ್ನು ಬಟ್ಟೆಯಲ್ಲಿ ಹಿಡಿದು ಒಳಗಿನ ಅಂಚನ್ನು ಸುತ್ತಲೂ ನೋಡಿ ನನ್ನ ಕೈಗಿತ್ತರು.

ಊಟವಾದ ಮೇಲೆ ಅಜ್ಜಿ ಮಡಕೆ ತೊಳೆದು ಹಿಂದಿರುಗಿಸಲು ಬಂದರು. ನಿಮ್ಮಲ್ಲೇ ಇರಲಿ ಎಂದೆ. ಈ ಶನಿವಾರಕ್ಕೂ ಕಡಲೆ ನೆನೆಹಾಕಿದ್ದಾರೆ.