ಮೂವರು ತೀರ್ಪುಗಾರರು, ಒಬ್ಬರ ರಿಸಲ್ಟು

ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಮಟ್ಟದಲ್ಲಿ ಮಕ್ಕಳ ಸ್ಪರ್ಧೆ, ಅಂದ್ರೆ ಪ್ರತಿಭಾ ಕಾರಂಜಿ, ನಡೆಸಿದ ನನ್ನಂಥ ಯಾವ ಸಿಆರ್‌ಪಿಯನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು) ಬೇಕಾದರೂ ಕೇಳಿ, ಮಕ್ಕಳಿಂದ ತೊಂದರೆಯೇ ಇಲ್ಲ. ಶಾಮಿಯಾನ, ಊಟ, ಮೈಕ್ ಸೆಟ್ಟು ಹೇಗೋ ಆಗುತ್ತದೆ. ಶಾಲೆಯ ಎಸ್‌ಡಿಎಂಸಿ ಸಮಿತಿಯವರೋ ಊರಿನ ದಾನಿಗಳೋ ಕೈ ಹಿಡಿಯುತ್ತಾರೆ. ತಲೆನೋವು ಅಂದ್ರೆ ತೀರ್ಪುಗಾರರು. ಪರಿಣತರನ್ನು ಕರೆಸಿ ಅಂತ ಮೇಲಿನವರು ಹೇಳಿಬಿಡುತ್ತಾರೆ. ಪರಿಣತರಿಗೆ ಕೊಡಲು ನಮ್ಮ ಹತ್ತಿರ ಇರುವುದು ಒಂದು ಶಾಲು, ಒಂದು ಹಾರ, ಅನ್ನ ಸಾಂಬಾರ್. ಬಸ್ ಚಾರ್ಜು ನನ್ನ ಜೇಬಿನದು.

ನಮ್ಮದು ಚಾಮರಾಜನಗರ ಜಿಲ್ಲೆ. ಆ ಸಲ ಜಾನಪದ ನೃತ್ಯಕ್ಕೆ ಒಬ್ಬರು ನಿವೃತ್ತ ಹೆಡ್‌ಮಾಸ್ಟರ್ (ಎಚ್‌ಎಂ), ಒಬ್ಬರು ಪಕ್ಕದ ಕ್ಲಸ್ಟರಿನ ಡ್ರಾಯಿಂಗ್ ಮೇಡಂ. ಮೂರನೆಯವರಾಗಿ ಬರಬೇಕಿದ್ದ ಸಂಗೀತದ ಮೇಷ್ಟ್ರು ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡಿಕೊಂಡರು. ಸ್ಪರ್ಧೆ ನಡೆಯುತ್ತಿದ್ದ ಊರಿನಲ್ಲೇ ಬೀಸು ಕಂಸಾಳೆ, ಅಂದ್ರೆ ಕಂಚಿನ ತಾಳ ಬೀಸಿ ಬಡಿಯುತ್ತಾ ಕುಣಿಯುವ ಕುಣಿತ, ಮಾಡುವ ಹಿರಿಯರೊಬ್ಬರಿದ್ದರು. ಬೈಕು ಕಳಿಸಿ ಕರೆಸಿದೆ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಂದು ಕೂತರು.

ಕೊನೆಗೆ ಉಳಿದದ್ದು ಎರಡು ತಂಡ. ಎರಡೂ ಕಂಸಾಳೆಯೇ. ಒಂದು ಖಾಸಗಿ ಶಾಲೆಯದು. ಬಾಡಿಗೆಗೆ ತಂದ ಒಂದೇ ಬಣ್ಣದ ಬಟ್ಟೆ, ಪೆನ್‌ಡ್ರೈವ್‌ನಲ್ಲಿ ಹಾಡು, ಕೈಯಲ್ಲಿ ಹೊಳೆಯುವ ಕಾಗದ ಅಂಟಿಸಿದ ರಟ್ಟಿನ ತಟ್ಟೆ. ಹೆಜ್ಜೆ ಒಂದೂ ತಪ್ಪಲಿಲ್ಲ. ಜನ ಶಿಳ್ಳೆ ಹೊಡೆದರು. ಇನ್ನೊಂದು ಆ ಊರಿನದೇ ಸರ್ಕಾರಿ ಶಾಲೆಯದು. ಹುಡುಗರ ಪಂಚೆ ಒಂದೊಂದು ಅಳತೆ. ಆದರೆ ಕೈಯಲ್ಲಿದ್ದದ್ದು ನಿಜವಾದ ಕಂಚಿನ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನ ಹಾಗಿರುವುದು, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯದು. ಅವರೇ ಹಾಡಿದರು, ಅವರೇ ಬಡಿದರು. ನಡುವೆ ಇಬ್ಬರು ತಾಳ ತಪ್ಪಿ, ಮತ್ತೆ ಸೇರಿಕೊಂಡರು.

ಅಂಕಪಟ್ಟಿ ನನ್ನ ಕೈಗೆ ಬಂತು. ತಲಾ 50ಕ್ಕೆ ಖಾಸಗಿ ಶಾಲೆಗೆ 43, 42, 24. ಸರ್ಕಾರಿ ಶಾಲೆಗೆ 36, 37, 44. ಒಟ್ಟು 109 ಮತ್ತು 117. ಮೂವರಲ್ಲಿ ಇಬ್ಬರು ಮೊದಲ ಸ್ಥಾನ ಕೊಟ್ಟ ತಂಡ ಎಂಟು ಅಂಕಕ್ಕೆ ಎರಡನೆಯದಾಗಿತ್ತು. ತಾಲೂಕಿಗೆ ಹೋಗುವುದು ಮೊದಲನೆಯವರು ಮಾತ್ರ.

ಕಂಸಾಳೆ ಯಜಮಾನರು ಕೊಟ್ಟ ಆ 24 ನೋಡಿ ನನಗೆ ಅನ್ನಿಸಿದ್ದು ಒಂದೇ: ತಮ್ಮೂರ ಹುಡುಗರ ಕೈ ಹಿಡಿದಿದ್ದಾರೆ. ಅಷ್ಟರಲ್ಲಿ ಖಾಸಗಿ ಶಾಲೆಯ ಮ್ಯಾನೇಜ್‌ಮೆಂಟಿನವರು ವೇದಿಕೆ ಪಕ್ಕ ಬಂದು ನಿಂತಾಗಿತ್ತು. ಮೈಕಿನ ಮೇಷ್ಟ್ರು ಫಲಿತಾಂಶ ಇನ್ನು ಕೆಲವೇ ಕ್ಷಣಗಳಲ್ಲಿ ಅಂತ ಮತ್ತೆ ಮತ್ತೆ ಕೂಗುತ್ತಿದ್ದರು. ಬಾಯಿ ಮುಚ್ಚಿಸೋಣ ಅಂದ್ರೆ ಕಣ್ಣಿಗೇ ಸಿಗುತ್ತಿಲ್ಲ. ನಾನು ಯಜಮಾನರನ್ನು ಆಫೀಸ್ ರೂಮಿಗೆ ಕರೆದುಕೊಂಡು ಹೋದೆ. ಶೀಟು ಮುಂದಿಟ್ಟು, 'ಒಂದ್ಸಲ ನೋಡಿ, ಏನೋ ಜಾಸ್ತಿ ಕಮ್ಮಿ ಆದಂಗಿದೆ' ಅಂದೆ. ಪಕ್ಕದಲ್ಲಿ ವೈಟ್ನರ್ ಬಾಟಲಿ ಇತ್ತು. ನಾನೇ ಇಟ್ಟಿದ್ದು.

ಅವರು ಬಾಟಲಿ ನೋಡಿದರು, ನನ್ನ ನೋಡಿದರು. 'ತಿದ್ದೋದಾದ್ರೆ ನೀವೇ ತಿದ್ಕಳಿ ಸಾ. ನಾನು ಸೈನ್ ಹಾಕಕ್ಕಿಲ್ಲ' ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಂಸಾಳೆ ಅಂದ್ರೆ ಕೈಲಿ ನುಡೀಬೇಕು. ರಟ್ಟು ನುಡಿದದಾ?' ಅಂತ ಕೇಳಿದರು. ಆ ಹುಡುಗರಲ್ಲಿ ಯಾರಾದರೂ ನಿಮ್ಮ ಕಡೆಯವರಾ ಅಂತ ಕೇಳಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.

ಫಲಿತಾಂಶ ಇದ್ದ ಹಾಗೇ ಓದಿಸಿದೆ. ಗಲಾಟೆ ಆಯಿತು. ಮ್ಯಾನೇಜ್‌ಮೆಂಟಿನವರು ಮಕ್ಕಳನ್ನು ಊಟಕ್ಕೂ ಬಿಡದೆ ವ್ಯಾನು ಹತ್ತಿಸಿದರು. ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿಗೆ ಫೋನು ಹೋಯಿತು. ಅಲ್ಲಿಂದ ನನಗೆ ಬಂದದ್ದು, ಇದೆಲ್ಲಾ ಲೋಕಲ್ಲಾಗಿ ಮ್ಯಾನೇಜ್ ಮಾಡ್ಕೋಬೇಕಲ್ವಾ ಅನ್ನುವ ಮಾತು. ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಆಮೇಲೆ ಪಟ್ಟಿ ಪೂರ್ತಿ ತಿರುವಿ ಹಾಕಿದೆ. ಎಚ್‌ಎಂ ಮತ್ತು ಮೇಡಂ ಎಲ್ಲಾ ತಂಡಕ್ಕೂ 35ರಿಂದ 43ರೊಳಗೇ ಕೊಟ್ಟಿದ್ದರು. ಮಕ್ಕಳಿಗೆ ಬೇಜಾರಾಗಬಾರದು ಅನ್ನುವ ಲೆಕ್ಕ. ಯಜಮಾನರದ್ದು 18ರಿಂದ 44ರವರೆಗೆ. ಕೂಡಿಸಿ ಮೊದಲ ಸ್ಥಾನ ಕೊಡುವ ಪದ್ಧತಿಯಲ್ಲಿ ಸಂಕೋಚವಿಲ್ಲದೆ ಅಂಕ ಕೊಡುವವರದ್ದೇ ತೀರ್ಮಾನ. ಉಳಿದಿಬ್ಬರು ಬರದಿದ್ದರೂ ಮೊದಲ ಸ್ಥಾನ ಬದಲಾಗುತ್ತಿರಲಿಲ್ಲ. ಯಜಮಾನರು ರೆಕಾರ್ಡ್ ಹಾಕಿ ಕುಣಿದ ತಂಡಗಳಿಗೆಲ್ಲಾ ಕಮ್ಮಿ ಕೊಟ್ಟಿದ್ದರು. ಅದರಲ್ಲಿ ಅವರ ಊರಿನ ಇನ್ನೊಂದು ಶಾಲೆಯೂ ಇತ್ತು. ಆ 18 ಅದರದ್ದೇ.

ಈಗ ಶುರುವಿಗೆ ಮುಂಚೆ ಮೂವರನ್ನೂ ಟೀ ಕೊಟ್ಟು ಒಂದು ಬೆಂಚಿನಲ್ಲಿ ಕೂರಿಸುತ್ತೇನೆ. 40 ಅಂದ್ರೆ ಎಂಥ ಕುಣಿತ, 20 ಅಂದ್ರೆ ಎಂಥದ್ದು, ಬಟ್ಟೆಗೆ ಎಷ್ಟು, ತಾಳಕ್ಕೆ ಎಷ್ಟು ಅಂತ ಅವರೇ ಮಾತಾಡಿಕೊಳ್ಳಲಿ. ಒಂದೊಂದು ತಂಡ ಇಳಿದ ತಕ್ಷಣ ಶೀಟು ವಾಪಸ್. ಮೊದಲ ಸ್ಥಾನದಲ್ಲಿ ಮೂವರಿಗೂ ಒಮ್ಮತ ಇಲ್ಲದಿದ್ದರೆ ಅವರೇ ಕೂತು ಮಾತಾಡಿ ಕಾರಣ ಒಂದು ಸಾಲು ಬರೆದು ಸೈನ್ ಹಾಕುತ್ತಾರೆ. ನಾನು ರೂಮಿನೊಳಗೆ ಕಾಲಿಡುವುದಿಲ್ಲ. ವೈಟ್ನರ್ ಬೀರುವಿನಲ್ಲಿ.

ಆ ಸಲ ಇಷ್ಟೆಲ್ಲಾ ಆಗಿಯೂ ತಾಲೂಕು ಮಟ್ಟದಲ್ಲಿ ಆ ಹುಡುಗರಿಗೆ ಮೂರನೇ ಸ್ಥಾನವೂ ಬರಲಿಲ್ಲ. ಅಲ್ಲಿ ಗೆದ್ದ ತಂಡದ್ದೂ ಪೆನ್‌ಡ್ರೈವ್ ಹಾಡೇ. ಆ ಸಂಜೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಖಾಸಗಿ ಶಾಲೆಯ ಮೇಷ್ಟ್ರು ಅದರ ಫೋಟೋ ಹಾಕಿ ಬರೀ ಒಂದು ನಗುವ ಮುಖ ಕಳಿಸಿದರು.

ಈ ವರ್ಷದ ಸಭೆಯಲ್ಲಿ, ಜಾನಪದ ನೃತ್ಯಕ್ಕೆ ಹಾಡು, ವಾದ್ಯ ಮಕ್ಕಳದೇ ಇರಲಿ ಅಂತ ಹೇಳಿ ನೋಡಿದೆ. ಹಿಂದಿನ ಬೆಂಚಿನಿಂದ ಒಬ್ಬ ಎಚ್‌ಎಂ ಎದ್ದರು. 'ಕಂಚಿನ ಕಂಸಾಳೆ ಒಂದು ಜೊತೆಗೆ ಎಷ್ಟಾಗುತ್ತೆ ಗೊತ್ತಾ ಸರ್? ಎಂಟು ಮಕ್ಕಳಿಗೆ ಯಾವ ಗ್ರಾಂಟಲ್ಲಿ ತರಲಿ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನಡಾವಳಿಯಲ್ಲಿ ಚರ್ಚಿಸಲಾಯಿತು ಅಂತ ಬರೆದು ಮುಂದಿನ ವಿಷಯಕ್ಕೆ ಹೋದೆವು.