ಹಳೆ ಮಾರುತಿ 800, ಪಿಯುಸಿ ಪಾಸ್
ನಮ್ಮದು ಕಾರ್ಬ್ಯುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ಕಾಲದ ಮಾರುತಿ 800. ಬಿಎಸ್-2 ಅನ್ನೋ ಹೊಗೆ ಮಾನದಂಡಕ್ಕಿಂತ ಹಿಂದಿನದು, ಹಾಗಾಗಿ ಪಿಯುಸಿಯಲ್ಲಿ, ಅಂದರೆ ಗಾಡಿಯ ಹೊಗೆ ತಪಾಸಣೆಯಲ್ಲಿ, ಕಾರ್ಬನ್ ಮೊನಾಕ್ಸೈಡ್ ಶೇ. 3ರವರೆಗೆ, ಹೈಡ್ರೋಕಾರ್ಬನ್ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ವರೆಗೆ ನಡೆಯುತ್ತೆ. ಬಿಎಸ್-2 ಗಾಡಿಗಳಿಗೆ ಇದು 0.5 ಮತ್ತು 750, ನಾವು ಬಚಾವ್! ಆದರೂ ಈ ಸಲ ಮೊನಾಕ್ಸೈಡ್ ಜಾಸ್ತಿ ಬಂತು. ಅಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಮ್ಮಿ. ಕೇಶ್ವಾಪುರದ ಮಿಸ್ತ್ರಿ ಏರ್ ಫಿಲ್ಟರ್ ಬಿಚ್ಚಿದರೆ ಹುಬ್ಬಳ್ಳಿ ಧೂಳೆಲ್ಲ ಅಲ್ಲೇ ಇತ್ತು. ಅದನ್ನು ಬದಲಿಸಿ, ಪ್ಲಗ್ ಉಜ್ಜಿ, ಮಿಕ್ಸ್ಚರ್ ಸ್ಕ್ರೂ ಸರಿಮಾಡಿ, "ತಣ್ಣನ್ನ ಗಾಡಿ ಟೆಸ್ಟಿಗೆ ಒಯ್ಯಬ್ಯಾಡ್ರಿ ಸರ" ಅಂದರು. ಉಣಕಲ್ ದಾಟಿ ನವನಗರದವರೆಗೆ ಓಡಿಸಿ, ಚೋಕ್ (ತಣ್ಣಗಿನ ಎಂಜಿನ್ ಶುರುಮಾಡಲು ಎಳೆಯೋ ಗುಂಡಿ, ಎಳೆದರೆ ಗಾಳಿ ಕಮ್ಮಿಯಾಗುತ್ತೆ) ಪೂರ್ತಿ ಒಳಗಿದೆಯಾ ನೋಡಿಕೊಂಡು, ಎಂಜಿನ್ ಬಿಸಿ ಇದ್ದಾಗಲೇ ಸೈಲೆನ್ಸರಿಗೆ ಹೊಗೆ ಅಳೆಯೋ ಪ್ರೋಬ್ ಹಾಕಿಸಿದೆ. ಪಾಸ್! ಟೆಸ್ಟೇ ಇಲ್ಲದೆ ಸುಮ್ನೆ ಸರ್ಟಿಫಿಕೇಟ್ ಮಾಡಿಸುವವರಿಗೆ ಈ ಫಿಲ್ಟರ್ ಕಥೆ ಗೊತ್ತೇ ಆಗಲ್ಲ, ಅಲ್ವಾ? ಆರು ತಿಂಗಳು ಚಿಂತೆಯಿಲ್ಲ.